ಕಾರಣ ಕೇಳದ ರಜೆ

ನಾನು ಓದಿದ್ದು ಐದನೇ ಕ್ಲಾಸು. ಆದರೂ ಫಿನ್‌ಲ್ಯಾಂಡಿನವರ ಭಾಷೆಯಲ್ಲಿ ರಜೆಯ ಬಗ್ಗೆ ನಾಲ್ಕು ಮಾತು ಆಡಲು ನನಗೆ ಬರುತ್ತದೆ. ಹೀಗೆಂದರೆ ಊರಿನವರು ನಗುತ್ತಾರೆ. ನಗಲಿ. ನನ್ನ ಮೊಮ್ಮಗಳು ಹುಟ್ಟಿದಾಗಿನ ಸಂತೋಷ ಇನ್ನೂ ಎದೆಯಲ್ಲಿ ಉಕ್ಕುತ್ತಲೇ ಇದೆ. ಅದರಲ್ಲಿ ಸ್ವಲ್ಪವಾದರೂ ಕಾಗದಕ್ಕೆ ಸುರಿಯದಿದ್ದರೆ ನನಗೆ ಸಮಾಧಾನವಿಲ್ಲ.

ಆಗ ದುಬೈಗೆ ಮೆಟ್ರೋ ಬಂದು ಐದಾರು ವರ್ಷ ಆಗಿತ್ತು. ಬಸುರಿ ಮಗಳಿಗೆ ಎಂಟು ತಿಂಗಳು. ಅವಳೂ ಅಳಿಯನೂ ಸಿಲಿಕಾನ್ ಓಯಸಿಸ್‌ನ ಫ್ಲ್ಯಾಟಿನಲ್ಲಿದ್ದರು. ಬಾಣಂತನಕ್ಕೆ ಬರಬೇಕಾದ ನನ್ನ ಹೆಂಡತಿ ಮೊಣಕಾಲಿನ ಆಪರೇಶನ್ ಆಗಿ ಉಡುಪಿಯಲ್ಲಿ ಮಲಗಿದ್ದಳು. ಅವಳ ಬದಲಿಗೆ ವಿಸಿಟ್ ವೀಸಾದಲ್ಲಿ ಬಂದವನು ನಾನು. ಗಂಜಿ ಬೇಯಿಸಬಲ್ಲೆ, ಚಹಾ ಮಾಡಬಲ್ಲೆ. ಅದರಿಂದಾಚೆ ಬಾಣಂತಿಯ ಕೋಣೆಯಲ್ಲಿ ನನಗೇನು ಗೊತ್ತು?

ಹೆಂಡತಿ ದಿನಾ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದಳು. “ನೀವು ಅಲ್ಲಿ ಸೋಫಾ ಕಾಯಲಿಕ್ಕೆ ಹೋದದ್ದಾ? ಅಳಿಯನಿಗೆ ರಜೆ ಹಾಕಲಿಕ್ಕೆ ಹೇಳಿ. ಮಗಳು ಒಬ್ಬಳೇ ಆಗಬಾರದು.”

“ರಜೆಯ ವಿಷಯ ನನಗೆ ಬಿಡು ಮಾರಾಯ್ತಿ,” ಎಂದೆ.

ಸುಮ್ಮನೆ ಹೇಳಿದ ಮಾತಲ್ಲ. ಅದೇ ದುಬೈಯ ಜೆಬೆಲ್ ಅಲಿ ಬಂದರಿನ ಗೋಡೌನಿನಲ್ಲಿ ಇಪ್ಪತ್ತಾರು ವರ್ಷ ದುಡಿದವನು ನಾನು. ಅಲ್ಲಿ ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಲು ರಜೆ. ನಡುವೆ ಬೇಕೆಂದರೆ ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿಯಲೇಬೇಕು. ನಾವು ತಿಂಗಳ ಮೊದಲೇ ಮನೆಗೆ ಕಾಗದ ಬರೆಯುತ್ತಿದ್ದೆವು. ಹೇಳಿದ ದಿನಕ್ಕೆ ಸರಿಯಾಗಿ ಊರಿನ ಪೋಸ್ಟ್ ಆಫೀಸಿನಿಂದ ‘ತಾಯಿ ಸೀರಿಯಸ್, ಕೂಡಲೇ ಹೊರಡು’ ಎಂದು ಟೆಲಿಗ್ರಾಮ್ ಬರುತ್ತಿತ್ತು. ಅದನ್ನು ಹಿಡಿದುಕೊಂಡು ಸೂಪರ್‌ವೈಸರ್ ಎದುರು ನಿಲ್ಲುವುದು. ನನ್ನ ಅಮ್ಮ ಅಂಥ ನಾಲ್ಕು ಟೆಲಿಗ್ರಾಮ್ ದಾಟಿ, ಎಲ್ಲ ಹಲ್ಲು ಗಟ್ಟಿ ಇರುವಾಗಲೇ ಎಂಬತ್ತು ಕಂಡಳು. ಕ್ಯಾಂಪಿನಲ್ಲಿ ಯಾರಿಗೆ ಯಾವ ಕಾಯಿಲೆ ಹೊಂದುತ್ತದೆ ಎಂದು ಹೇಳಿಕೊಡುತ್ತಿದ್ದವನು ನಾನೇ. ಬ್ಯಾರಿಗಳು, ಮಲಯಾಳಿಗಳು, ಎಲ್ಲರೂ ನನ್ನ ಹತ್ತಿರ ಕೇಳುತ್ತಿದ್ದರು.

ಮಗಳು ಹುಟ್ಟುವಾಗ ಮಾತ್ರ ನಿಜ ಹೇಳಿ ರಜೆ ಕೇಳಿದ್ದೆ. “ಹೆರುವುದು ಅವಳು, ನಿನಗೆ ಎಂತಕ್ಕೆ ರಜೆ? ಯಲ್ಲಾ, ಕೆಲಸಕ್ಕೆ ಹೋಗು,” ಎಂದಿದ್ದ ಸೂಪರ್‌ವೈಸರ್. ನಾನು ಮೊದಲ ಸಲ ಮಗಳ ಮುಖ ನೋಡುವಾಗ ಅವಳು ನಡೆಯುತ್ತಿದ್ದಳು. ನನ್ನನ್ನು ಕಂಡು ಅತ್ತು ಅಜ್ಜಿಯ ಸೆರಗಿನ ಹಿಂದೆ ಹೋಗಿದ್ದಳು. ಆ ಪಾಠ ನಾನು ಮರೆತಿರಲಿಲ್ಲ.

ಅಳಿಯನ ಕಂಪೆನಿ ಫಿನ್‌ಲ್ಯಾಂಡಿನದು. ಅವನು ಊಟವಾದ ಮೇಲೆ ಫೋನಿನಲ್ಲಿ ಅವರ ಭಾಷೆ ಕಲಿಯುತ್ತಿದ್ದ. ಪಕ್ಕದಲ್ಲಿ ಕೂತ ನನಗೂ ಅಷ್ಟಿಷ್ಟು ಅಂಟಿತು. ‘ಲೊಮ’ ಎಂದರೆ ರಜೆ. ‘ಒಲೆನ್ ಲೊಮಲ್ಲ’ ಎಂದರೆ ನಾನು ರಜೆಯಲ್ಲಿದ್ದೇನೆ. “ಇದು ನಮ್ಮ ತುಳುವಿಗಿಂತ ಸಲೀಸು,” ಎಂದು ನಾನು ಹೇಳಿದರೆ, “ಮಾವ, ನಿಮಗೆ ಸರ್ಟಿಫಿಕೇಟ್ ಕೊಡಿಸುವ,” ಎಂದು ಅವನು ನಗುತ್ತಿದ್ದ.

“ನಿನ್ನ ರಜೆಯ ಕಾಗದದಲ್ಲಿ ನನ್ನನ್ನು ಹಾಕು,” ಎಂದೆ ಅವನಿಗೆ. “ಮಾವನಿಗೆ ಹಾರ್ಟಿನ ತೊಂದರೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ.”

“ಮಗು ಬರುತ್ತದೆ ಅಂತಲೇ ಹೇಳಿದರೆ?”

“ಹೆರಿಗೆ ಆಗುವವರೆಗೆ ಹೊರಗೆ ಹೇಳಬಾರದು, ಕಣ್ಣು ಬೀಳುತ್ತದೆ. ಅದಲ್ಲದೆ ಗಂಡಸಿಗೆ ಅದಕ್ಕೆ ಯಾರು ರಜೆ ಕೊಡುತ್ತಾರೆ? ನನ್ನ ಅನುಭವ ಉಂಟಲ್ಲ.”

ಒಳ್ಳೆಯ ಹುಡುಗ, ಹೇಳಿದ ಹಾಗೆಯೇ ಬರೆದು ಕಳಿಸಿದ. ಮರುದಿನವೇ ಉತ್ತರ ಬಂತು. ಅವನ ಮ್ಯಾನೇಜರ್ ಫಿನ್‌ಲ್ಯಾಂಡಿನ ಒಬ್ಬ ಹೆಂಗಸು. ಮಾವನ ಆರೋಗ್ಯಕ್ಕೆಂದು ಮೂರು ದಿನ ಕೊಟ್ಟಿದ್ದರು, ನನಗೆ ಒಂದು ಬುಟ್ಟಿ ಕಿತ್ತಳೆಯನ್ನೂ ಕಳಿಸಿದ್ದರು. ಮೂರು ದಿನದಲ್ಲಿ ಎಂತ ಆಗುತ್ತದೆ? ಮಗಳು ಆಸ್ಪತ್ರೆಯಿಂದ ಬರುವುದರೊಳಗೆ ಮುಗಿಯುತ್ತದೆ. ಆದರೂ ಕಿತ್ತಳೆ ತಿಂದೆ, ಸಿಹಿ ಇತ್ತು.

ಅದೇ ವಾರ ಅಳಿಯ ಆಫೀಸಿನಿಂದ ಬಂದವನು ಶೂ ಬಿಚ್ಚದೆ ಕೂತುಬಿಟ್ಟ. ಅವನ ಜೊತೆ ಕೆಲಸ ಮಾಡುವ ಫಿನ್‌ಲ್ಯಾಂಡಿನ ಒಬ್ಬ ಇಂಜಿನಿಯರ್ ಎಲ್ಲರಿಗೂ ಕಾಣುವ ಕ್ಯಾಲೆಂಡರಿನಲ್ಲಿ ‘ಇಸ್ಯೂಸ್‌ವಪಾ’ ಎಂದು ಬರೆದಿದ್ದನಂತೆ.

“ಅಪ್ಪನಾದವನ ರಜೆ ಅಂತ ಅರ್ಥ, ಮಾವ. ಮೂರು ವಾರ. ಈ ಆಫೀಸಿನಲ್ಲಿ ಯಾರು ಕೇಳಿದರೂ ಕೊಡುತ್ತಾರಂತೆ. ಬೇರೆ ಯಾವ ಕಾರಣವೂ ಬೇಡವಂತೆ.”

ಒಳಗಿನಿಂದ ಮಗಳು ಹೇಳಿದಳು. “ನಿಮ್ಮ ಹಾರ್ಟ್ ನಮಗೆ ಹದಿನೆಂಟು ದಿನ ಕಡಿಮೆ ಮಾಡಿತು ಅಪ್ಪ.”

ನನಗೆ ನಾಚಿಕೆಯಾಯಿತು, ಒಪ್ಪುತ್ತೇನೆ. ಅಳಿಯನಿಗೆ ಅದಕ್ಕಿಂತ ಹೆಚ್ಚು. ಸುಳ್ಳು ಬರೆದವನು ಈಗ ಯಾವ ಮುಖ ಇಟ್ಟುಕೊಂಡು ನಿಜ ಹೇಳುವುದು? ಮೂರೇ ದಿನ ಸಾಕು, ಬಿಡುವ ಎಂದ. ನಾನು ಬಿಡಲಿಲ್ಲ. “ಸುಳ್ಳು ನನ್ನದು, ನಾನೇ ಬರುತ್ತೇನೆ,” ಎಂದೆ. ದಾರಿಯಲ್ಲಿ ಬೇಕಾದ ಮಾತನ್ನು ಅವನಿಂದ ಕೇಳಿ ಬಾಯಿಪಾಠ ಮಾಡಿಕೊಂಡೆ. ಆಫೀಸು ಮನೆಯಿಂದ ಹತ್ತು ನಿಮಿಷ. ಇಸ್ತ್ರಿ ಮಾಡಿದ ಅಂಗಿ ಹಾಕಿ ನಡೆದೇ ಹೋದೆ, ಬಿಸಿಲಿನಲ್ಲಿ. ಮೂರನೇ ಮಹಡಿಗೆ ಬೇಕೆಂದೇ ಮೆಟ್ಟಿಲು ಹತ್ತಿದೆ.

ಮ್ಯಾನೇಜರ್ ನನ್ನನ್ನು ಕಂಡು ಗಾಬರಿಯಿಂದ ಕುರ್ಚಿ ಎಳೆದರು. ನಾನು ಕೂರಲಿಲ್ಲ. ನೆಟ್ಟಗೆ ನಿಂತು ಎದೆಯ ಮೇಲೆ ಕೈಯಿಟ್ಟು, “ಒಲೆನ್ ತೆರ್ವೆ,” ಎಂದೆ. ನಾನು ಆರೋಗ್ಯವಾಗಿದ್ದೇನೆ ಎಂದರ್ಥ. ಉಳಿದದ್ದನ್ನು ಗೋಡೌನಿನ ಇಂಗ್ಲಿಷಿನಲ್ಲಿ ಹೇಳಿದೆ. “ಮೇಡಂ, ಹಾರ್ಟ್ ಗುಡ್. ಲೈ ಮೈ ಲೈ. ಬೇಬಿ ಕಮಿಂಗ್. ಹಿ ವಾಂಟ್ ಇಸ್ಯೂಸ್‌ವಪಾ.”

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡಿದರು. ಆ ಜನ ಯೋಚನೆ ಮಾಡುವಾಗ ಮಾತಾಡುವುದಿಲ್ಲ ಎಂದು ಅಳಿಯ ಮೊದಲೇ ಹೇಳಿದ್ದ. ಆದರೂ ನಮ್ಮ ಕಡೆ ಅಷ್ಟು ಹೊತ್ತು ಸುಮ್ಮನಿದ್ದರೆ ಕೆಲಸ ಹೋಯಿತು ಎಂದೇ ಲೆಕ್ಕ. ಅಳಿಯ ನೆಲ ನೋಡುತ್ತಿದ್ದ. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಕೊನೆಗೆ ಅವರು ಅಳಿಯನ ಕಡೆ ತಿರುಗಿ ನಿಧಾನವಾಗಿ ಹೇಳಿದರು. ಹೊರಗೆ ಬಂದ ಮೇಲೆ ಅವನು ನನಗೆ ಬಿಡಿಸಿ ಹೇಳಿದ. “ನಾನು ನಾಲ್ಕು ದಿನದಿಂದ ಈ ಮನುಷ್ಯನ ಬಗ್ಗೆ ಚಿಂತೆ ಮಾಡಿದ್ದೇನೆ. ಆ ಚಿಂತೆ ನನಗೆ ವಾಪಸು ಸಿಗುವುದಿಲ್ಲ. ಇನ್ನು ಮುಂದೆ ರಜೆ ಬೇಕಾದರೆ ರಜೆ ಬೇಕು ಎಂದಷ್ಟೇ ಹೇಳು. ಆ ಮೂರು ದಿನ ರದ್ದು. ಮೂರು ವಾರ ಬರೆ.” ಇಷ್ಟು ಹೇಳಿ ಮ್ಯಾನೇಜರ್ ನನ್ನ ಕೈ ಕುಲುಕಿದ್ದರು. ಗಟ್ಟಿ ಕೈ, ಮೂಟೆ ಹೊತ್ತವರ ಹಾಗೆ.

ಹೆಂಡತಿಗೆ ಫೋನ್ ಮಾಡಿದೆ. “ನೀವು ಸುಳ್ಳು ಹೇಳಿ ಕೆಟ್ಟದ್ದನ್ನು ನೀವೇ ಸರಿ ಮಾಡಿದ್ದಕ್ಕೆ ಈಗ ನಾನು ಹೊಗಳಬೇಕಾ?” ಎಂದಳು. ಹೊಗಳಿದಂತೆಯೇ ಇತ್ತು ಅವಳ ದನಿ.

ಮೊಮ್ಮಗಳು ಹುಟ್ಟಿದಳು. ಮೂಗು ನನ್ನದೇ, ಯಾರು ಏನೇ ಹೇಳಲಿ. ಒಂದು ಆದಿತ್ಯವಾರ, ಆ ಊರಿನಲ್ಲಿ ಆಗ ಕೆಲಸದ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಅಳಿಯ ಸೋಫಾದಲ್ಲಿ ಅಂಗಾತ ಮಲಗಿದ್ದ, ಮಗು ಅವನ ಎದೆಯ ಮೇಲೆ. ಒಳಗೆ ಮಗಳು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು. ಎರಡು ವಾರವಾದರೂ ಆಫೀಸಿನಿಂದ ಒಂದು ಕರೆ ಬಂದಿರಲಿಲ್ಲ. ನನಗೆ ಸಂಶಯ ಬಂತು.

“ಫೋನ್ ಹಾಳಾಗಿದೆಯಾ ಹೇಗೆ?”

“ಇಲ್ಲ ಮಾವ. ರಜೆಯಲ್ಲಿದ್ದವರಿಗೆ ಅವರು ಫೋನ್ ಮಾಡುವುದಿಲ್ಲ.”

ಮಗು ಕಣ್ಣು ಬಿಟ್ಟು ಅವನ ಗಡ್ಡವನ್ನು ನೋಡಿತು. ಅಳಲಿಲ್ಲ. ಆ ಮುಖ ಅದಕ್ಕೆ ಆಗಲೇ ಚೆನ್ನಾಗಿ ಗೊತ್ತಿತ್ತು.