ತಟ್ಟೆಗಳ ಮಾತು ಕೇಳುವ ಟಣ್ಣಕ್ಕ

ಬೆಳಗಿನ ಐದೂಕಾಲು. ಬೀದಿಯಲ್ಲಿ ಹಾಲಿನ ಗಾಡಿ ಕೂಡ ಇನ್ನೂ ಕೆಮ್ಮಿಲ್ಲ. ಹಳೇ ಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ ಕುಳಿತ ಹಿರಿಯ ಹೆಂಗಸೊಬ್ಬರು ಉಂಗುರ ಬಿಚ್ಚಿಡುತ್ತಾರೆ, ಕೈಗಡಿಯಾರ ಬಿಚ್ಚಿಡುತ್ತಾರೆ, ಎದ್ದು ಹೋಗಿ ಗೋಡೆ ಗಡಿಯಾರದ ಬ್ಯಾಟರಿಯನ್ನೂ ಕಿತ್ತಿಡುತ್ತಾರೆ. ಎಡಗೈಯ ಮೂರು ಬೆರಳ ತುದಿಯ ಮೇಲೆ ಪಿಂಗಾಣಿ ತಟ್ಟೆಯೊಂದನ್ನು ನಿಲ್ಲಿಸಿ, ಬಲಗೈಯ ನಡುಬೆರಳ ಗಿಣ್ಣಿನಿಂದ ಅಂಚಿಗೆ ಒಂದೇ ಒಂದು ಪೆಟ್ಟು. ಟಣ್. ಆ ನಾದ ಮುಗಿಯುವಷ್ಟರಲ್ಲಿ ನೀವು ಹೊರಗೆ ಹೋಗಿ ಚಹಾ ಕುಡಿದು, ಚಹಾದವನ ಜತೆ ಜಗಳವಾಡಿ, ರಾಜಿಯನ್ನೂ ಮಾಡಿಕೊಂಡು ಬರಬಹುದು.

ವಯಸ್ಸು ಅರವತ್ತೆರಡು. ಹೆಸರು ಬೇರೆ ಏನೋ ಇದೆ, ಅದನ್ನು ಮನೆಯವರೇ ಮರೆತಿದ್ದಾರೆ. ಬೀದಿಗೆಲ್ಲ ಟಣ್ಣಕ್ಕ. ಇಂಗ್ಲೆಂಡಿನಲ್ಲಿ ಎಂಬತ್ತು ತೊಂಬತ್ತು ವರ್ಷದ ಹಿಂದೆ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕುಂಚದಲ್ಲಿ ಹೂವು, ಹಣ್ಣು, ಹುಂಜ ಬರೆದ ಊಟದ ತಟ್ಟೆಗಳು ಈ ಅಂಗಡಿಗೆ ಪೆಟ್ಟಿಗೆಗಟ್ಟಲೆ ಬರುತ್ತವೆ. ಅವನ್ನು ಹುಡುಕಿ ಸಂಗ್ರಹಿಸುವ ಹುಚ್ಚರು ದೂರದಿಂದ ಬರುತ್ತಾರೆ. ಚಿತ್ರ ಅಚ್ಚಿನದೋ ಕೈಯದೋ ಎಂಬುದನ್ನು ಕಣ್ಣಿದ್ದವರು ಯಾರಾದರೂ ಹೇಳಿಯಾರು. ಒಳಗೊಳಗೇ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯೇ ಎಂಬುದನ್ನು ಹೇಳಬೇಕಾದವರು ಟಣ್ಣಕ್ಕ. ಅದಕ್ಕೇ ಈ ಹೊತ್ತು. ಏಳು ಗಂಟೆಗೆ ಬಸ್ಸುಗಳು ಶುರುವಾದರೆ ತಟ್ಟೆಯ ಮಾತು ಕೇಳಿಸದು.

"ಕಣ್ಣು ಲಂಚ ತಗೊಳುತ್ತೆ ಕಣಪ್ಪಾ. ಚೆಂದ ಕಂಡ್ರೆ ಸಾಕು, ಹಲ್ಲು ಕಿರಿದು ನಿಂತ್ಬಿಡುತ್ತೆ. ಕಿವಿಗೆ ಆ ಚಾಳಿ ಇಲ್ಲ," ಎನ್ನುತ್ತಾರೆ.

ದಿನಕ್ಕೆ ಎಪ್ಪತ್ತು ತಟ್ಟೆ, ಮೂವತ್ತೊಂದು ವರ್ಷ. ರಜೆ ಕಳೆದರೆ ಆರೂವರೆ ಲಕ್ಷವಾಗುತ್ತದೆ. ಗುಣಿಸಿದವನು ನಾನಾದ್ದರಿಂದ ಧಾರಾಳವಾಗಿ ಹತ್ತು ಲಕ್ಷ ಎಂದೇ ಇಟ್ಟುಕೊಳ್ಳಿ. ತಪ್ಪಿದ್ದು ಎಷ್ಟು? "ನಾಕು. ನಾಕೂ ನೆನಪಿದಾವೆ. ಅದ್ರಲ್ಲಿ ಒಂದು ಹುಂಜ. ಈಗ್ಲೂ ಕನಸಲ್ಲಿ ಬಂದು ಕೂಗುತ್ತೆ."

ಶುರುವಾದದ್ದು ಕಷ್ಟದಲ್ಲಿ. ಲಾರಿ ಓಡಿಸುತ್ತಿದ್ದ ಗಂಡನ ಬೆನ್ನು ಕೈಕೊಟ್ಟು ಮಲಗಿದಾಗ, ಮಾವನ ಈ ಅಂಗಡಿಗೆ ತಟ್ಟೆ ತೊಳೆಯಲು ಬಂದರು. ಚಳಿಗಾಲದ ತಣ್ಣೀರಿಗೆ ಬೆರಳೆಲ್ಲ ಸೀಳುತ್ತಿತ್ತು. ತೊಳೆಯುವಾಗ ಒಂದಕ್ಕೊಂದು ತಾಗಿದ ಸದ್ದು ಕೇಳಿ, ಸರಿಯಿಲ್ಲವೆನಿಸಿದ್ದನ್ನು ಸುಮ್ಮನೆ ಪಕ್ಕಕ್ಕಿಡುತ್ತಿದ್ದರು. ಮಾವ ಹಟಕ್ಕೆ ಬಿದ್ದು ಅಂಥ ಹತ್ತು ತಟ್ಟೆಗೆ ಕುದಿನೀರು ಸುರಿದರು. ಹತ್ತೂ ಎರಡು ಹೋಳು. ಮರುದಿನವೇ ಸೊಸೆಗೆ ಸ್ಟೂಲು ಬಂತು.

ಆ ಸ್ಟೂಲಿಗೇ ಈಗ ಸಂಚಕಾರ. ಮೂರು ವಾರದ ಹಿಂದೆ ನೆಗಡಿಯಾಗಿ ಟಣ್ಣಕ್ಕನ ಎಡಗಿವಿ ಕಟ್ಟಿಕೊಂಡಿತ್ತು. ಈಗ ಬಿಟ್ಟಿದೆ ಎಂದು ಅವರು ಹೇಳುತ್ತಾರೆ. ಈಗ ಅಂಗಡಿ ನಡೆಸುವ ಮೈದುನನಿಗೆ ನಂಬಿಕೆಯಿಲ್ಲ.

"ಅತ್ತಿಗೆ, ನೀವಿನ್ನು ಮುಂದ್ಗಡೆ ಫ್ಯಾನ್ ಕೆಳಗೆ ಕೂತು ಗಿರಾಕಿಗಳನ್ನ ಮಾತಾಡಿಸ್ಕೊಂಡಿರಿ. ವಯಸ್ಸಾಯ್ತು."

"ನಂಗೆ ವಯಸ್ಸಾದ್ರೆ ನಿಂಗೇನು ಹಾಲುಹಲ್ಲು ಬರ್ತಿದ್ಯಾ?"

ಅವರ ಬಗ್ಗೆ ಬರೆಯಲೆಂದು ನಾನು ಹೋದ ದಿನವೇ ಪರೀಕ್ಷೆಯ ದಿನವೂ ಹೌದು. ಅಂಗಡಿಯ ಹಳೆಯ ಗಿರಾಕಿ, ಹಲ್ಲಿನ ಡಾಕ್ಟರಮ್ಮ, ಹಳದಿ ಹೂವಿನ ಹನ್ನೆರಡು ತಟ್ಟೆಗಳ ಜೋಡಣೆಗಾಗಿ ಒಂಬತ್ತು ವರ್ಷದಿಂದ ಹುಡುಕುತ್ತಿದ್ದಾರೆ. ಹನ್ನೊಂದು ಸಿಕ್ಕಿವೆ. ಕಪಾಟಿನಲ್ಲಿಟ್ಟು ನೋಡುವ ಜಾತಿಯಲ್ಲ ಅವರು, ದಿನಾ ಬಿಸಿಬಿಸಿ ಊಟ ಬಡಿಸಿಕೊಳ್ಳುವವರು, ಬಿರುಕಿದ್ದರೆ ಬೇಡ. ಹನ್ನೆರಡನೆಯದು ಹಿಂದಿನ ಸಂಜೆ ಬಂದಿದೆ. ಮೈದುನ ಫೋನ್ ಮಾಡಿ 'ಸಿಕ್ತು' ಎಂದು ಹೇಳಿಯೂ ಆಗಿದೆ.

ಟಣ್ಣಕ್ಕ ಗಿಣ್ಣಿನಿಂದ ತಟ್ಟುತ್ತಾರೆ. ಟಪ್.

ಮತ್ತೊಮ್ಮೆ. ಟಪ್.

"ಒಡಕು," ಎಂದು ಕೆಳಗಿಡುತ್ತಾರೆ.

ಮೈದುನ ಭೂತಗನ್ನಡಿ ತರುತ್ತಾನೆ, ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. ಮುಂದೆ ಹಿಂದೆ ಎಲ್ಲೂ ಗೆರೆಯಿಲ್ಲ. ನನ್ನ ಕಣ್ಣು ಹದ್ದಿಗೂ ಹೊಟ್ಟೆಕಿಚ್ಚು ತರುವಂಥದ್ದು; ನನಗೂ ಕಾಣಲಿಲ್ಲ. "ಒಡಕು ತಟ್ಟೇಲಿಲ್ಲ ಅತ್ತಿಗೆ," ಎನ್ನುತ್ತಾನೆ ಮೆಲ್ಲಗೆ. ಆ ಮೆಲುದನಿಯೇ ಅವರಿಗೆ ಹೆಚ್ಚು ನಾಟಿದಂತೆ ಕಾಣುತ್ತದೆ. ಪಕ್ಕದ ತಟ್ಟೆಯೊಂದನ್ನು ತಟ್ಟಿ ನೋಡುತ್ತಾರೆ. ಟಣ್. ಆದರೂ ಅದನ್ನು ಬಲಗಿವಿಯ ಹತ್ತಿರ ತಂದು ಇನ್ನೊಮ್ಮೆ ತಟ್ಟಿದ್ದನ್ನು ಹದ್ದಿನ ಕಣ್ಣು ಕಂಡಿದೆ.

ಎಂಟು ಗಂಟೆಗೆ ಡಾಕ್ಟರಮ್ಮ ಕ್ಲಿನಿಕ್ಕಿನ ದಾರಿಯಲ್ಲಿ ಇಳಿದು ಬರುತ್ತಾರೆ. ತಟ್ಟೆ ಕಂಡದ್ದೇ ಅವರ ಮುಖ ಊರಿಗೆಲ್ಲ ಸಾಲುವಷ್ಟು ಬೆಳಗುತ್ತದೆ. ಎದೆಗವಚಿಕೊಂಡೇ ಬಿಡುತ್ತಾರೆ.

"ಬೇಡ ಡಾಕ್ಟರಮ್ಮ. ಇದು ಸುಳ್ಳು ಹೇಳ್ತಿದೆ," ಎನ್ನುತ್ತಾರೆ ಟಣ್ಣಕ್ಕ.

"ಅವ್ರಿಗೆ ನೆಗಡಿ," ಎನ್ನುತ್ತಾನೆ ಮೈದುನ.

ಡಾಕ್ಟರಮ್ಮ ಇಬ್ಬರನ್ನೂ ನೋಡುತ್ತಾರೆ. ನಿಟ್ಟುಸಿರು ಬಿಟ್ಟು ಚೀಲದಿಂದ ಪೆನ್ನಿನಷ್ಟು ದಪ್ಪದ ನೇರಳೆ ಬೆಳಕಿನ ಟಾರ್ಚು ತೆಗೆಯುತ್ತಾರೆ. ಹಲ್ಲಿಗೆ ಬಿಳಿ ಸಿಮೆಂಟು ತುಂಬಿದ್ದರೆ, ಬರಿಗಣ್ಣಿಗೆ ಹಲ್ಲಿನಂತೆಯೇ ಕಾಣುವ ಅದು ಈ ಬೆಳಕಿಗೆ ಬೇರೆಯಾಗಿ ಹೊಳೆಯುತ್ತದಂತೆ. "ಹಲ್ಲು ತಟ್ಟಿದಾಗ ಸದ್ದು ಸರಿ ಬರದಿದ್ರೆ ನಾನೂ ಹೀಗೇ ನೋಡೋದು," ಎಂದು ಬಾಗಿಲು ಕಿಟಕಿ ಮುಚ್ಚಿಸಿ, ಕತ್ತಲಲ್ಲಿ ತಟ್ಟೆಯ ಮೇಲೆ ಬೆಳಕು ಬಿಡುತ್ತಾರೆ.

ಅಂಚಿನಿಂದ ನಡುವಿನವರೆಗೆ, ಹಾಲು ಚೆಲ್ಲಿದಂತೆ, ಸಣ್ಣ ಬಿಳಿ ಗೆರೆ. ಯಾರೋ ಕೈಚಳಕದವನು ಬಿರುಕಿಗೆ ಅಂಥದ್ದೇ ಸಿಮೆಂಟು ತುಂಬಿ, ಅದರ ತುದಿಯ ಮೇಲೆ ಒಂದು ಹಳದಿ ಎಸಳನ್ನು ಹೆಚ್ಚಿಗೆ ಬರೆದು ಮುಚ್ಚಿದ್ದಾನೆ.

ಮೈದುನ ಬಾಗಿಲು ತೆಗೆಯುತ್ತಾನೆ, ಗಂಟಲು ಸರಿಮಾಡಿಕೊಳ್ಳುತ್ತಾನೆ. "ಸ್ಟೂಲಿನ ಕಾಲೊಂದು ಅಲ್ಲಾಡ್ತಿದೆ ಅತ್ತಿಗೆ. ಸಂಜೆ ಬಡಗಿ ಹತ್ರ ಗಟ್ಟಿ ಮಾಡಿಸ್ತೀನಿ."

"ಹೂಂ, ಮಾಡ್ಸು," ಎನ್ನುತ್ತಾರೆ ಅವರು, ಅಷ್ಟೇ.

ಡಾಕ್ಟರಮ್ಮನಿಗೆ ಬೇಸರವಿದೆ, ಕೋಪವಿಲ್ಲ. "ಒಂಬತ್ತು ವರ್ಷ ಕಾದೋಳು ಹತ್ತನೇದಕ್ಕೆ ಸಾಯ್ತೀನಾ? ನಿಮ್ಮ ಕಿವಿ ಜೋಪಾನ ಅಮ್ಮ," ಎಂದು ಹೊರಡುತ್ತಾರೆ. ಸುಳ್ಳು ಹೇಳಿದ ತಟ್ಟೆ ಮೇಜಿನ ಮೇಲೆ ಉಳಿಯುತ್ತದೆ. ಟಣ್ಣಕ್ಕ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬೇಡವೆಂದು ಅವರು ತಳ್ಳಿದವುಗಳಲ್ಲಿ ತೀರಾ ಚೆಂದದವು ಅವರ ಮನೆಗೇ ಹೋಗುತ್ತವಂತೆ. ಗುಲಾಬಿ, ದ್ರಾಕ್ಷಿ, ನೀಲಿ ಹಕ್ಕಿ ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು. ಇಂಗ್ಲೆಂಡಿನ ರಾಜಮನೆತನದಲ್ಲೂ ಅಷ್ಟಿರಲಾರವು. ಅಷ್ಟು ಒಡಕು ತಟ್ಟೆ ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಊಟ ಮಾಡ್ತೀವಿ. ಬೆಳಗಿಂದ ಟಣ್ ಟಣ್ ಕೇಳಿ ಬಂದಿರ್ತೀನಿ. ಉಣ್ಣೋ ಹೊತ್ತಲ್ಲಾದ್ರೂ ತಟ್ಟೆಗಳು ಬಾಯಿ ಮುಚ್ಕೊಂಡಿರಬೇಕಪ್ಪಾ."