ರೇಣುಕಾ ಹುಡುಕಿದ ಪದಗಳು

ಕೀಲಿಮಣೆಯ ಎಫ್ ಮತ್ತು ಜೆ ಅಕ್ಷರಗಳ ಮೇಲೆ ಉಗುರಿನ ಅಂಚಿನಷ್ಟು ಒಂದೊಂದು ಗೆರೆ ಉಬ್ಬಿರುತ್ತದೆ, ನೋಡದೆ ಟೈಪು ಮಾಡುವವರ ಬೆರಳು ಅಲ್ಲಿ ಬಂದು ನಿಲ್ಲಲಿ ಎಂದು. ನಿನ್ನೆ ಆಫೀಸಿನಲ್ಲಿ ಹೊಸ ಕೀಲಿಮಣೆ ಕೊಟ್ಟರು. ಬೆರಳು ಆ ಗೆರೆಗೆ ತಗುಲಿದ ಕೂಡಲೇ ರೇಣುಕಾ ನೆನಪಾದಳು. ಅವಳು ನೆನಪಾದ ದಿನ ನನಗೆ ಕೆಲಸ ಸಾಗುವುದಿಲ್ಲ.

ಓದು ಮುಗಿಸಿದ ವರ್ಷ ನಾನು ಕೆಂಗೇರಿಯಾಚೆಯ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಪುಸ್ತಕ, ಲೇಖನ ಹುಡುಕುವ ಪುಟವನ್ನು ಆಗಷ್ಟೇ ಆನ್‌ಲೈನ್ ಮಾಡಿದ್ದೆವು. ರೇಣುಕಾ ಗದಗದ ಕಡೆಯವಳು, ಎಂ.ಎ. ವಿದ್ಯಾರ್ಥಿನಿ. ಬಾಪೂಜಿ ನಗರದ ಹಾಸ್ಟೆಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ಒಂದೇ ಒಂದು ಕಂಪ್ಯೂಟರು ನಮ್ಮಲ್ಲಿತ್ತು. ಆದರೆ ಹುಡುಕುವ ಗುಂಡಿಯ ಜಾಗದಲ್ಲಿ ಚೆಂದ ಕಾಣಲೆಂದು ನಾನು ಭೂತಗನ್ನಡಿಯ ಚಿತ್ರ ಹಾಕಿದ್ದೆ, ಕಂಪ್ಯೂಟರು ಓದಿ ಹೇಳುವಂಥ ಹೆಸರೊಂದನ್ನು ಅದಕ್ಕೆ ಕೊಟ್ಟಿರಲಿಲ್ಲ. ಯಂತ್ರ ಅವಳ ಕಿವಿಯಲ್ಲಿ ‘ಇಮೇಜ್, ಇಮೇಜ್’ ಎನ್ನುತ್ತಿತ್ತು, ಅಷ್ಟೇ.

ಹಾಗಾಗಿ ಅವಳು ಕೌಂಟರಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಅಲ್ಲಿದ್ದ ಶಾಂತಪ್ಪನವರು ಕೆಟ್ಟವರಲ್ಲ, ದನಿ ದೊಡ್ಡದು. “ಗಟ್ಟಿಯಾಗಿ ಹೇಳಮ್ಮ, ಯಾವ ಸಬ್ಜೆಕ್ಟು? ನಾಚ್ಕೊಂಡ್ರೆ ಪುಸ್ತಕ ಬರಲ್ಲ.” ಹಿಂದೆ ನಿಂತವರು ನಗುತ್ತಿದ್ದರು.

ಒಂದು ಸೋಮವಾರ ಅವಳು ನನ್ನ ಮೇಜಿನ ಬಳಿ ಬಂದಳು. “ಅಕ್ಕಾರ, ನಾ ಏನ್ ಹುಡುಕತೀನಿ ಅನ್ನೋದು ನನಗಷ್ಟ ಗೊತ್ತಾದ್ರ ಸಾಕ್ರಿ. ಹಂಗ ಮಾಡಿಕೊಡ್ತೀರೇನು? ರವಿವಾರ ಊರಾಗ ಒಂದು ಸಂಬಂಧಕ್ಕ ನಾ ಹೂಂ ಇಲ್ಲಾ ಊಹೂಂ ಅನ್ನಬೇಕು. ಅದಕ್ಕೂ ಮೊದಲ ಒಂದು ವಿಷಯ ತಿಳಕೋಬೇಕು.”

ಯಾವ ವಿಷಯ ಎಂದು ನಾನು ಕೇಳಲಿಲ್ಲ. ನನ್ನ ಸ್ವಭಾವವೇ ಹಾಗೆ. ವಿಜಯನಗರದಲ್ಲಿ ನಮ್ಮ ಮನೆಯ ಕೆಳಗೇ ಔಷಧಿ ಅಂಗಡಿಯಿದ್ದರೂ ನನ್ನ ಚೀಟಿ ಹಿಡಿದು ಎರಡು ಸ್ಟಾಪು ಆಚೆ ಹೋಗುವವಳು ನಾನು. ಅವಳ ಮಾತು ನನಗೆ ಎಷ್ಟು ಬೇಗ ಅರ್ಥವಾಯಿತೆಂದು ನೀವೇ ಊಹಿಸಿ.

ಎರಡು ದಿನ ಕೂತು ಪುಟದ ಚಿತ್ರಗಳಿಗೆಲ್ಲ ಹೆಸರು ಕೊಟ್ಟೆ. ಅವಳು ಎಲ್ಲಿ ತಡವರಿಸುತ್ತಾಳೆಂದು ತಿಳಿಯಲು, ಟೈಪು ಮಾಡಿದ್ದೆಲ್ಲ ಒಂದು ಫೈಲಿನಲ್ಲಿ ಉಳಿಯುವಂತೆಯೂ ಮಾಡಿದೆ. ನಮ್ಮ ಕೆಲಸದಲ್ಲಿ ಅದು ಮಾಮೂಲು. ಅವಳಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಗುರುವಾರ ಅವಳು ಒಬ್ಬಳೇ ಕೂತು ಹುಡುಕಿದಳು. ಸಂಜೆ ಫೈಲು ತೆರೆದೆ. ನಾಲ್ಕು ಸಲ ಅದೇ ಪದಗಳು: ಕಣ್ಣಿನ ಒಂದು ಕಾಯಿಲೆಯ ಹೆಸರು, ಆಮೇಲೆ ‘ಆನುವಂಶಿಕ’, ಆಮೇಲೆ ‘ಮಕ್ಕಳು’, ಎಲ್ಲ ಇಂಗ್ಲಿಷಿನಲ್ಲಿ. ಎರಡು ನಿಮಿಷ ಯಾವ ಕೀಲಿಯನ್ನೂ ಒತ್ತದಿದ್ದರೆ ನಮ್ಮ ಪುಟ ತಾನೇ ಮುಚ್ಚಿಕೊಳ್ಳುತ್ತಿತ್ತು. ಕೇಳಿ ಓದುವವಳಿಗೆ ಅಷ್ಟು ಹೊತ್ತು ಸಾಲದು. ನಾಲ್ಕು ಸಲವೂ ಅವಳು ಮೊದಲಿನಿಂದ ಶುರು ಮಾಡಿದ್ದಳು. ನನಗೆ ಸಂಕಟವಾಯಿತು. ಆ ಲೇಖನವನ್ನು ನಾನೇ ಹುಡುಕಿ, ಶುಕ್ರವಾರ ಅವಳು ಬರುವ ಹೊತ್ತಿಗೆ ತೆರೆದಿಟ್ಟೆ.

“ಬಾ ರೇಣುಕಾ, ನಿನಗೆ ಬೇಕಾಗಿದ್ದು ಸಿಕ್ತು.”

ಅವಳು ಹೆಡ್‌ಫೋನ್ ಹಾಕಿಕೊಂಡು ಶೀರ್ಷಿಕೆ ಕೇಳಿಸಿಕೊಂಡಳು. ತೆಗೆದಳು. ವೈರನ್ನು ನಿಧಾನವಾಗಿ ಸುತ್ತಿಟ್ಟಳು.

“ನಾ ನಿಮಗ ಹೇಳಿದ್ದಿಲ್ಲಲ್ರಿ.”

“ಅದು… ಎಲ್ಲಿ ತೊಂದರೆ ಆಗ್ತಿದೆ ಅಂತ ನೋಡೋಕೆ…”

“ಕೌಂಟರಿನವ್ರು ಕೇಳಿ ತಿಳಕೋತಿದ್ರು ಅಕ್ಕಾರ. ನೀವು ಕೇಳದನ ತಿಳಕೊಂಡ್ರಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಲೇಖನವನ್ನು ಕೇಳದೆಯೇ ಕೋಲು ಹಿಡಿದು ಹೊರಟುಹೋದಳು.

ಮತ್ತೆಂದೂ ಆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಊರಿಂದ ಬಂದಮೇಲೆ ಕೌಂಟರಿನ ಸಾಲಿನಲ್ಲೇ ನಿಂತಳು. ಭಾನುವಾರ ಆ ಸಂಬಂಧಕ್ಕೆ ಏನೆಂದಳೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ ವಿಷಯವೂ ಅದಲ್ಲ. ಈಗಿನ ಆಫೀಸಿನಲ್ಲಿ, ಯಾರು ಏನು ಹುಡುಕಿದರೆಂದು ಬರೆದಿಡೋಣ ಎಂಬ ಮಾತು ಬಂದಾಗಲೆಲ್ಲ ಬೇಡ ಎನ್ನುತ್ತೇನೆ. ಕಾರಣ ಮಾತ್ರ ಹೇಳುವುದಿಲ್ಲ.

ಆ ಶುಕ್ರವಾರದ ಮರುದಿನ ಬೆಳಿಗ್ಗೆ, ಬೀಗ ತೆಗೆಯುವ ಮೊದಲೇ ಹೋಗಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಹೋದವಳೇ ಫೈಲನ್ನು ಅಳಿಸಿದೆ. ಪುಟ ತಾನಾಗಿ ಮುಚ್ಚದಂತೆ ಮಾಡಿದೆ. ಅಷ್ಟನ್ನಾದರೂ ಅವಳಿಗೆ ತಿಳಿಸೋಣವೆಂದು ಹಾಸ್ಟೆಲ್‌ಗೆ ಫೋನು ಮಾಡಿದೆ. ವಾರ್ಡನ್ ಎತ್ತಿಕೊಂಡರು.

“ರೇಣುಕಾನಾ? ಈಗ ತಾನೇ ಊರಿಗೆ ಹೊರಟ್ಲು. ಏನ್ ವಿಷಯ ಹೇಳಿ, ಬಂದ್ಮೇಲೆ ತಿಳಿಸ್ತೀನಿ.”

“ಏನಿಲ್ಲ ಮೇಡಂ,” ಎಂದು ಫೋನಿಟ್ಟೆ.