ಜಾಡಿಯ ಮೀನಿಗೊಂದು ಜೀವಂತ ಜೋಡಿ

ಕೆಂಗೇರಿಯಾಚೆಯ ಕೆರೆಯಲ್ಲಿ ಬೆಳಕು ಇನ್ನೂ ನೀರಿಗಿಳಿದಿಲ್ಲ. ಹನುಮಂತಯ್ಯ ತೆಪ್ಪವನ್ನು ದಡಕ್ಕೆ ತಂದು ಬಲೆ ಕೊಡವುತ್ತಾರೆ. ಬಲೆಯ ತುಂಬ ಜಿಲೇಬಿ ಮೀನು. ಕ್ರೇಟು ಹಿಡಿದ ವ್ಯಾಪಾರಿಗಳು ಮುಂದೆ ನುಗ್ಗುತ್ತಾರೆ. ಅವರ ಹಿಂದೆ, ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್ ತೊಟ್ಟು, ಮುಚ್ಚಳಕ್ಕೆ ತೂತು ಕೊರೆದ ಬಕೆಟ್ ಹಿಡಿದು ನಿಂತಿರುವ ಹೆಂಗಸಿಗೆ ಆ ಮೀನು ಬೇಡ. ವ್ಯಾಪಾರಿಗಳು ಆರಿಸಿಕೊಂಡು ಹೋದ ಮೇಲೆ ಬಲೆಯಲ್ಲಿ ಉಳಿಯುವ, ಯಾರೂ ಕೊಳ್ಳದ ಮೀನುಗಳಿಗಾಗಿ ಅವರು ಕಾಯುತ್ತಿದ್ದಾರೆ.

“ಸಾರಿಗೂ ಹಾಕಲ್ಲ, ಹುರಿಯೋದೂ ಇಲ್ಲ. ಲಿಂಗ ಕಟ್ಕೊಂಡೋರು ಬೆಳಗಾಗೆದ್ದು ನನ್ ಬಲೆ ಮುಂದೆ ನಿಂತ್ರೆ ನಿಮ್ಮ ಸ್ವಾಮಿಗಳು ನನ್ನ ಬೈತಾರೆ ಕಣಮ್ಮ,” ಎನ್ನುತ್ತಾರೆ ಹನುಮಂತಯ್ಯ.

“ಬೈಸ್ಕೊಳಿ. ಹಾವುಮೀನು ಬಂತಾ, ಅದನ್ನ ಹೇಳಿ.”

“ಅದು ನಮ್ಮಪ್ಪನ ಕಾಲಕ್ಕೆ ಬರ್ತಿತ್ತು. ಈಗ ಬರೀ ಜಿಲೇಬಿ.”

“ಹಂಗಾದ್ರೆ ಮುಂದಿನ ಶನಿವಾರ ಬರ್ತೀನಿ.”

“ಹೋದ ವರ್ಷದಿಂದ ಇದನ್ನೇ ಹೇಳ್ತಾ ಇದೀರ.”

“ನೀವೂ ಹೋದ ವರ್ಷದಿಂದ ಅದನ್ನೇ ಹೇಳ್ತಾ ಇದೀರ.”

ಖಾಲಿ ಬಕೆಟ್ ಹಿಡಿದು ಮೈಸೂರು ರಸ್ತೆಯ ಬಸ್ಸು ಹತ್ತುವ ಈ ಹೆಂಗಸು ಜಗದಾಂಬಾ. ವಿಜಯನಗರದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಮನೆ ಕುರುಬರಹಳ್ಳಿಯಲ್ಲಿ, ತವರು ಹರಿಹರದ ಹತ್ತಿರದ ಹಳ್ಳಿ. ಬಕೆಟ್ಟಿನ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುವುದುಂಟು. “ಹೋಗ್ಲಿ ಬಿಡಿ, ಕಾಲು ಚಾಚ್ಕೊಂಡು ಕೂತ್ಕೊತೀನಿ,” ಎಂದು ನಗುತ್ತಾರೆ.

ಈ ಕೆಲಸ ಮೊದಲು ಅವರ ಪತಿ ಚನ್ನವೀರೇಶ್ ಅವರದಾಗಿತ್ತು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಜಗದಾಂಬಾ ಸೇರಿದರು. ಮೀನು ಮುಟ್ಟುವುದಿರಲಿ, ಮೀನಂಗಡಿಯಿದ್ದ ಬೀದಿಯಲ್ಲಿ ನಡೆದೂ ಗೊತ್ತಿರದವರು. “ಮೊದಮೊದಲು ಜಾಡಿ ಮುಚ್ಚಳ ತೆಗೆದ್ರೆ ವಾಸನೆಗೆ ಹೊರಗೆ ಓಡ್ಬಿಡ್ತಿದ್ದೆ. ಕೆಲಸ ಬಿಟ್ರೆ ಮಗಳ ಓದು ನಿಲ್ಲತ್ತೆ. ಮೂಗಿನ ಕೆಳಗೆ ವಿಭೂತಿ ಹಚ್ಕೊಂಡು ನಿಂತೆ. ಆಮೇಲೆ ಅಭ್ಯಾಸ ಆಯ್ತು. ಅದಾದ್ಮೇಲೆ ಇಷ್ಟ ಆಯ್ತು.”

ವಿಭಾಗದ ಕೊನೆಯ ಕೋಣೆಯೇ ಕಾಲೇಜಿನ ವಸ್ತುಸಂಗ್ರಹಾಲಯ. ವೃಷಭಾವತಿಯಲ್ಲಿ ತಿಳಿನೀರು ಹರಿಯುತ್ತಿದ್ದ ಕಾಲದಲ್ಲಿ ಇಲ್ಲಿನ ಅಧ್ಯಾಪಕರು ಆ ಹೊಳೆಯಿಂದಲೂ ಸುತ್ತಲಿನ ಕೆರೆಗಳಿಂದಲೂ ತಂದ ಹನ್ನೊಂದು ಬಗೆಯ ಮೀನುಗಳು ಗಾಜಿನ ಜಾಡಿಗಳಲ್ಲಿ, ಸ್ಪಿರಿಟ್ಟಿನಲ್ಲಿ ಮುಳುಗಿವೆ. ಸ್ಪಿರಿಟ್ ತಾನಾಗಿ ಆರುತ್ತಾ ಹೋಗುತ್ತದೆ. ಮಟ್ಟ ನೋಡಿ ತುಂಬಿಸುವುದು ಜಗದಾಂಬಾ ಅವರ ಕೆಲಸ. ತುಂಬಿಸದಿದ್ದರೆ ಮೀನು ಒಣಗಿ ಮುರಿಯುತ್ತದೆ.

ಶಾಲಾ ಮಕ್ಕಳನ್ನು ಕರೆಸಿ ಕೋಣೆ ತೋರಿಸುವ ಯೋಚನೆ ಪ್ರಾಧ್ಯಾಪಕಿ ಅನಂತಲಕ್ಷ್ಮಿ ಅವರದು. ನಗರದ ಪಶ್ಚಿಮ ಭಾಗದ ಕೆರೆಗಳಲ್ಲಿ ಈಗ ಯಾವ ಮೀನುಗಳಿವೆ ಎಂದು ಅವರು ಸಮೀಕ್ಷೆ ನಡೆಸುತ್ತಿದ್ದಾರೆ. ಮೊದಲ ಸಲ ಬಂದು ಹೋದ ಮಕ್ಕಳು ಚಿತ್ರ ಬರೆದು ಕಳಿಸಿದಾಗ ಇಬ್ಬರೂ ಬೆಚ್ಚಿದರು. ಒಂದು ಮೀನಿಗೂ ಬಣ್ಣವಿಲ್ಲ, ಎಲ್ಲವೂ ಸುಣ್ಣದ ಗೋಡೆಯಂತೆ ಬಿಳಿ. ಮಕ್ಕಳ ಸೋಮಾರಿತನ ಎಂದುಕೊಂಡು ಕೇಳಿದರೆ ಒಬ್ಬ ಹೇಳಿದನಂತೆ: “ಅಲ್ಲಿ ಹಂಗೇ ಇದ್ವಲ್ಲ ಆಂಟಿ?”

ತಪ್ಪು ಮಕ್ಕಳದಲ್ಲ. ಸ್ಪಿರಿಟ್ಟಿಗೆ ಬಿದ್ದ ಮೀನಿನ ಕೆಂಪು, ಹಳದಿ ಬೇಗ ಕರಗಿ ಹೋಗುತ್ತವೆ. ಕಪ್ಪು ಮಾತ್ರ ಬಹುಕಾಲ ಉಳಿಯುತ್ತದೆ. “ದಿನಾ ನೋಡಿ ನೋಡಿ ನಮಗೇ ಅವು ಬಿಳೀ ಅನ್ನೋದು ಮರ್ತೋಗಿತ್ತು,” ಎನ್ನುತ್ತಾರೆ ಜಗದಾಂಬಾ.

ಅಂದಿನಿಂದ ಪ್ರತಿ ಜಾಡಿಯ ಮುಂದೆಯೂ ಒಂದು ಗಾಜಿನ ತೊಟ್ಟಿ ಬಂದಿದೆ. ಜಾಡಿಯಲ್ಲಿರುವ ಮೀನಿನದೇ ಜಾತಿಯದು, ಈ ಭಾಗದ ಕೆರೆಯದೇ, ಜೀವಂತವಾಗಿ ತೊಟ್ಟಿಯಲ್ಲಿರಬೇಕು. ಶನಿವಾರ ಬೆಳಗಿನ ಕೆರೆಯ ಸುತ್ತಾಟ ಅದಕ್ಕಾಗಿ. ಆರು ಮೀನುಗಳಿಗೆ ಜೋಡಿ ಸಿಕ್ಕಿದೆ. ಉಳಿದ ಐದು ತೊಟ್ಟಿಗಳಲ್ಲಿ ಬರೀ ನೀರಿದೆ.

ಆ ಐದು ತೊಟ್ಟಿಗಳೇ ಈಗ ಕೋಣೆಗೆ ಕುತ್ತಾಗಿವೆ. ಪರೀಕ್ಷಾ ವಿಭಾಗಕ್ಕೆ ಜಾಗ ಬೇಕಾಗಿದೆ. ಕೋಣೆಯನ್ನು ಉಳಿಸಬೇಕೋ, ಜಾಡಿಗಳನ್ನು ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಸಾಗಿಸಬೇಕೋ ಎಂದು ತೀರ್ಮಾನಿಸಲು ಆಡಳಿತ ಮಂಡಳಿಯ ಬಸವಲಿಂಗಪ್ಪ ಇವತ್ತೇ ಬರಲಿದ್ದಾರೆ. ಜಗದಾಂಬಾ ಕೆರೆಯಿಂದ ಕಾಲೇಜಿಗೆ ಬಂದಾಗ ಬಾಗಿಲಲ್ಲೇ ಕಾದಿದ್ದ ಪ್ರಾಂಶುಪಾಲ ಜಗನ್ನಾಥ ಅವರ ಕಣ್ಣು ಮೊದಲು ಬೀಳುವುದು ಬಕೆಟ್ಟಿನ ಮೇಲೆ.

“ಸಿಗಲಿಲ್ವಾ? ಖಾಲಿ ತೊಟ್ಟಿ ನೋಡಿದ್ರೆ ಇಲ್ಲೇನಿದೆ ಅಂತ ಬೀಗ ಹಾಕಿಸ್ತಾರೆ ಕಣಮ್ಮ. ಮುಂದಿನ ರಸ್ತೆ ಅಕ್ವೇರಿಯಂ ಅಂಗಡೀಲಿ ಬಣ್ಣದ ಮೀನು ತಂದು ಬಿಟ್ಬಿಡಿ. ನಾನೂ ಕೋಣೆ ಉಳೀಲಿ ಅಂತಾನೇ ಹೇಳ್ತಿರೋದು.”

“ಗೊತ್ತು ಸಾರ್. ಆದ್ರೆ ಜಾಡಿ ಚೀಟೀಲಿ ಕೆಂಗೇರಿ ಅಂತಿದೆ. ಅಂಗಡಿ ಮೀನು ಬಿಟ್ರೆ ಮಕ್ಕಳು ಅದೂ ಇಲ್ಲೀದೇ ಅನ್ಕೋತಾರೆ. ಒಂದ್ಸಲ ಬಿಳಿ ಮೀನು ತೋರ್ಸಿ ತಪ್ಪು ಮಾಡಿದೀವಿ.”

“ಕೋಣೆನೇ ಹೋದ್ರೆ?”

“ಹೋದ್ರೂ ಸುಳ್ಳು ಹೇಳಿ ಉಳಿಸ್ಕೊಳೋದು ಬೇಡ ಸಾರ್.”

ಅಷ್ಟರಲ್ಲಿ ಕುರುಬರಹಳ್ಳಿಯ ಶಾಲೆಯ ಮಕ್ಕಳು ಸಾಲಾಗಿ ಒಳಬರುತ್ತಾರೆ. ಜಗದಾಂಬಾ ಭಾಷಣ ಮಾಡುವುದಿಲ್ಲ. ಕೆಲವು ಜಾಡಿಗಳನ್ನು ಅದಲುಬದಲು ಮಾಡಿಟ್ಟು, ತೊಟ್ಟಿಯಲ್ಲಿನ ಕೆಂಪು ಪಟ್ಟೆಯ ಗೆಂಡೆ ಮೀನು ತೋರಿಸಿ, ಇದು ಯಾವ ಜಾಡಿಯಲ್ಲಿದೆ, ಹುಡುಕಿ ಎನ್ನುತ್ತಾರೆ. ಮಕ್ಕಳು ಕೆಂಪು ಪಟ್ಟೆ ಹುಡುಕಿ ಸೋಲುತ್ತಾರೆ. ವಚನಾ ಎಂಬ ಹುಡುಗಿ ಜಾಡಿಗೆ ಮೂಗು ತಾಗಿಸಿ ನಿಂತವಳು, ಬಾಲದ ಹತ್ತಿರದ ಕಪ್ಪು ಚುಕ್ಕಿಯ ಮೇಲೆ ಬೆರಳಿಡುತ್ತಾಳೆ. “ಇದೇ ಆಂಟಿ. ಚುಕ್ಕಿ ಹಂಗೇ ಇದೆ.”

ಬಸವಲಿಂಗಪ್ಪ ಬಂದಾಗ ಮಕ್ಕಳು ಇನ್ನೂ ಒಳಗಿದ್ದಾರೆ. ಗುಂಪನ್ನು ದಾಟಿ ಅವರು ನೇರವಾಗಿ ಒಂದು ಖಾಲಿ ತೊಟ್ಟಿಯ ಮುಂದೆ ನಿಲ್ಲುತ್ತಾರೆ. ಪ್ರಾಂಶುಪಾಲರು ನೆಲ ನೋಡುತ್ತಾರೆ.

“ಇದರಲ್ಲೇನಿದೆ?”

ಜಗದಾಂಬಾ ಬಾಯಿ ತೆರೆಯುವ ಮೊದಲೇ, ಆಗಲೇ ಅವರಿಂದ ಕೇಳಿ ತಿಳಿದಿದ್ದ ವಚನಾ ಹೇಳುತ್ತಾಳೆ: “ಹಾವುಮೀನು ತಾತ. ಇನ್ನೂ ಸಿಕ್ಕಿಲ್ಲ. ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕ್ತಾರಲ್ಲ, ಹಂಗೆ ಜಾಗ ಹಿಡ್ದಿದಾರೆ.”

ಹಿರಿಯರು ಕನ್ನಡಕ ಏರಿಸಿ ತೊಟ್ಟಿಯ ಹಿಂದಿನ ಜಾಡಿಯೊಳಗಿನ ಉದ್ದನೆಯ, ಚೂಪು ಮೂತಿಯ ಮೀನನ್ನು ಬಹಳ ಹೊತ್ತು ನೋಡುತ್ತಾರೆ. “ಇದು ನಮ್ಮ ಕೆಂಗೇರೀಲಿತ್ತಾ?” ಎಂದು ಯಾರನ್ನೂ ಕೇಳದಂತೆ ಕೇಳುತ್ತಾರೆ. ಆಮೇಲೆ ಜಗದಾಂಬಾ ಕಡೆ ತಿರುಗುತ್ತಾರೆ.

“ಸಿಗತ್ತೇನಮ್ಮ?”

“ಗೊತ್ತಿಲ್ಲ ಸಾರ್. ಹುಡುಕ್ತಾ ಇದೀನಿ.”

“ಸಿಗದಿದ್ರೆ?”

ಉತ್ತರ ಕೊಡುವವರು ಮಕ್ಕಳ ಹಿಂದೆ ನಿಂತಿದ್ದ ಪ್ರಾಧ್ಯಾಪಕಿ ಅನಂತಲಕ್ಷ್ಮಿ. “ಸಿಗಲಿಲ್ಲ ಅನ್ನೋದನ್ನೂ ಸಮೀಕ್ಷೆಯಲ್ಲಿ ಬರೀತೀವಿ ಸಾರ್. ಆದ್ರೆ ಅದು ಹೇಗಿತ್ತು ಅಂತ ತೋರ್ಸೋಕೆ ಜಾಡಿ ಉಳೀಬೇಕು.”

ಹೊರಗೆ ಹೋಗುವಾಗ ಬಸವಲಿಂಗಪ್ಪ ಪ್ರಾಂಶುಪಾಲರಿಗೆ, ಪರೀಕ್ಷಾ ವಿಭಾಗಕ್ಕೆ ಸದ್ಯ ಮೇಲಿನ ಮಹಡಿಯಲ್ಲಿ ಜಾಗ ನೋಡಿ, ಮುಂದಿನ ವರ್ಷ ಮತ್ತೆ ಬರುತ್ತೇನೆ ಎನ್ನುತ್ತಾರೆ. ಕೋಣೆಗೆ ಸಿಕ್ಕಿರುವುದು ಅಷ್ಟೇ, ಒಂದು ವರ್ಷ. ಜಗದಾಂಬಾ ಹಿಗ್ಗುವುದಿಲ್ಲ. “ವರ್ಷಕ್ಕೆ ಎಷ್ಟು ಶನಿವಾರ ಇರತ್ತೆ, ಸಾಕು,” ಎನ್ನುತ್ತಾರೆ.

ಮಕ್ಕಳು ಹೋದ ಮೇಲೆ ಕೋಣೆಯ ಕೆಲಸ ಶುರು. ಜಾಡಿಗಳಿಗೆ ಸ್ಪಿರಿಟ್ ತುಂಬಿ, ಗಾಜಿನ ಮೇಲಿನ ಪುಟ್ಟ ಬೆರಳಚ್ಚುಗಳನ್ನು ಒರೆಸಿ, ಜಗದಾಂಬಾ ತೊಟ್ಟಿಗಳ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಿಸತೊಡಗುತ್ತಾರೆ. ಮೀನಿರುವ ಆರರಲ್ಲಿ ಮಾತ್ರವಲ್ಲ, ಖಾಲಿಯಿರುವ ಐದರಲ್ಲೂ. ಅವಕ್ಕೇಕೆ ಎಂದು ಕೇಳಿದರೆ ಚೊಂಬು ಕೆಳಗಿಡದೆ ಹೇಳುತ್ತಾರೆ:

“ಅದು ಬಂದ ದಿನ ನೀರು ಹಳಸಿರಬಾರದಲ್ವಾ?”